ಮುಂದಾಳುತನವು ಹುಟ್ಟುಗುಣವೇ?

ಊರಿನ ಸಮರ್ಥ ಹಿರಿಯರೊಬ್ಬರು ಲಿಂಗೈಕ್ಯರಾದರೆಂದರೆ ಜನರ ಬಾಯಲ್ಲಿ ತಪ್ಪದೆ ಕೇಳಿಬರುವ ಮಾತೊಂದುಂಟು: ‘ಇನ್ನು ಅಂಥವರು ಹುಟ್ಟಿಬರಬೇಕು.’ ಭಕ್ತಿಯಿಂದಲೂ ದುಃಖದಿಂದಲೂ ಹೊರಡುವ ಈ ಮಾತಿನಲ್ಲಿ ಮೇಲುನೋಟಕ್ಕೆ ದೋಷವೇನೂ ಕಾಣದು. ಆದರೆ ಇದರ ಹಿಂದೆ ಒಂದು ಸಿದ್ಧಾಂತವೇ ಅಡಗಿಕೊಂಡಿದೆ. ಹತ್ತು ಜನರನ್ನು ಕೂಡಿಸಿ ಒಂದು ಸತ್ಕಾರ್ಯವನ್ನು ನಡೆಸುವ ಶಕ್ತಿಯು ಜನ್ಮದೊಡನೆಯೇ ಬರತಕ್ಕದ್ದು. ಅದನ್ನು ಕಲಿಯಲೂ ಆಗದು, ಕಲಿಸಲೂ ಆಗದು ಎಂಬುದೇ ಆ ಸಿದ್ಧಾಂತ. ಇದನ್ನು ನಂಬಿದ ಊರಿನ ಗತಿಯೇನಾಗುತ್ತದೆಂಬುದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಹಿರಿಯರು ಕಣ್ಮರೆಯಾದ ಮರುವರ್ಷವೇ, ದಾಸೋಹಕ್ಕೆ ಯಾವ ಊರಿನಿಂದ ಎಷ್ಟು ಚೀಲ ಜೋಳವು ಬರುತ್ತಿತ್ತೆಂಬುದು ಯಾರಿಗೂ ತಿಳಿಯದಾಗುತ್ತದೆ. ಪಾಠಶಾಲೆಯ ಹೊಲದ ಕಾಗದಪತ್ರಗಳು ಯಾವ ಪೆಟ್ಟಿಗೆಯಲ್ಲಿವೆಯೆಂದು ಹುಡುಕಬೇಕಾಗುತ್ತದೆ. ಎರಡು ಓಣಿಗಳ ನಡುವಣ ಹಳೆಯ ವ್ಯಾಜ್ಯವನ್ನು ಅವರು ಯಾವ ಮಾತಿನಿಂದ ಶಮನಗೊಳಿಸುತ್ತಿದ್ದರೋ ಆ ಮಾತು ಅವರೊಡನೆಯೇ ಹೋಗಿರುತ್ತದೆ. ಉಳಿದವರು ಅಸಮರ್ಥರೆಂದಲ್ಲ; ಅವರಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ, ಅಷ್ಟೆ.

ಆದುದರಿಂದ ಮುಂದಾಳುತನವು ಹುಟ್ಟುಗುಣವೋ ಅಭ್ಯಾಸಸಾಧ್ಯವೋ ಎಂಬ ಪ್ರಶ್ನೆಯು ಪಂಡಿತರ ವಾದಕ್ಕೆ ಮಾತ್ರ ಮೀಸಲಾದುದಲ್ಲ. ಮನೆ, ಮಠ, ಊರು ಈ ಮೂರರ ಬಾಳುವೆಯೂ ಇದರ ಉತ್ತರವನ್ನು ಅವಲಂಬಿಸಿದೆ. ಜನ್ಮದಿಂದ ಬರುವ ಹಿರಿಮೆಯನ್ನು ಒಪ್ಪದ ಧರ್ಮದಲ್ಲಿದ್ದುಕೊಂಡು, ಮುಂದಾಳುತನವೊಂದನ್ನು ಮಾತ್ರ ಜನ್ಮಕ್ಕೆ ಬಿಟ್ಟುಕೊಡುವುದು ಸರಿಯೇ ಎಂಬುದನ್ನು ಶರಣರ ನಡೆನುಡಿಗಳ ಬೆಳಕಿನಲ್ಲಿ ವಿಚಾರಿಸಬೇಕಾಗಿದೆ.

ಮೊದಲು ಶಬ್ದಗಳನ್ನೇ ನೋಡಬಹುದು. ‘ನಾಯಕ’ ಎಂಬುದು ಒಯ್ಯು, ತಲುಪಿಸು ಎಂಬರ್ಥವುಳ್ಳ ‘ನೀ’ ಧಾತುವಿನಿಂದ ಹುಟ್ಟಿದ ಪದ. ಜನರನ್ನು ಒಂದೆಡೆಗೆ ಮುಟ್ಟಿಸುವವನು ನಾಯಕನು. ಬರಿದೆ ಮುಂದೆ ನಡೆಯುವವನಲ್ಲ. ಅದೇ ಧಾತುವಿಗೆ ‘ವಿ’ ಎಂಬ ಉಪಸರ್ಗವು ಸೇರಿದಾಗ ‘ವಿನಯ’ ಎಂದಾಗುತ್ತದೆ. ಇಂದಿನ ಬಳಕೆಯಲ್ಲಿ ವಿನಯವೆಂದರೆ ಬಾಗಿ ನಡೆಯುವ ಗುಣವೆಂದಷ್ಟೇ ತಿಳಿಯುತ್ತೇವೆ. ಶಾಸ್ತ್ರದಲ್ಲಿ ಅದಕ್ಕೆ ಶಿಕ್ಷಣವೆಂದೂ ಅರ್ಥವುಂಟು. ಶಿಕ್ಷಣಕ್ಕೆ ಯೋಗ್ಯನಾದ ಶಿಷ್ಯನೇ ‘ವಿನೇಯ’ನು. ಹೀಗೆ ನಾಯಕನೂ ವಿನಯವೂ ಒಂದೇ ಬೇರಿನ ಎರಡು ಕವಲುಗಳಾಗಿವೆ. ಅಚ್ಚಗನ್ನಡದ ಸೊಗಸು ಇನ್ನೂ ಹೆಚ್ಚಿನದು. ‘ಆಳು’ ಎಂದರೆ ಒಡೆತನ ಮಾಡು ಎಂಬ ಕ್ರಿಯಾಪದವೂ ಹೌದು, ಕೆಲಸ ಮಾಡುವ ಸೇವಕನೂ ಹೌದು. ‘ಮುಂದಾಳು’ ಎಂಬಲ್ಲಿ ಇರುವವನು ಈ ಎರಡನೆಯವನೇ, ಮುಂದೆ ನಿಂತ ಆಳು. ಶಬ್ದವೊಂದರಿಂದಲೇ ಸಿದ್ಧಾಂತವನ್ನು ಕಟ್ಟಲಾಗದೆಂಬುದು ನಿಜ. ಆದರೂ ಒಡೆಯನಿಗೂ ಆಳಿಗೂ ಒಂದೇ ರೂಪವನ್ನು ಕೊಟ್ಟ ನುಡಿಯನ್ನು ಆಡುವ ಜನರು ಮುಂದಾಳುತನವನ್ನು ಬರಿಯ ಒಡೆತನವೆಂದು ತಿಳಿಯುವುದು ತಮ್ಮ ನುಡಿಯನ್ನೇ ಮರೆತಂತೆ.

ಪ್ರಾಚೀನ ರಾಜನೀತಿಜ್ಞರು ಕೂಡ ಆಳುವ ಸಾಮರ್ಥ್ಯವನ್ನು ಹುಟ್ಟಿಗೆ ಬಿಟ್ಟಿರಲಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದ ಹೆಸರೇ ವಿನಯಾಧಿಕಾರಿಕ. ರಾಜ್ಯ, ಕೋಶ, ಸೇನೆಗಳ ಮಾತೆಲ್ಲವೂ ಅನಂತರದ್ದು. ಅರಸನಾಗತಕ್ಕವನ ಶಿಕ್ಷಣವು ಮೊದಲನೆಯದು. ವಿನಯವು ಸ್ವಾಭಾವಿಕವೆಂದೂ ಅಭ್ಯಾಸದಿಂದ ಬರುವ ಕೃತಕವೆಂದೂ ಎರಡು ಬಗೆಯೆಂದು ಅಲ್ಲಿ ಹೇಳಿದೆ. ಗಮನಿಸತಕ್ಕ ಸಂಗತಿಯೆಂದರೆ, ರಾಜಪುತ್ರನು ವೇದವಿದ್ಯೆಯನ್ನೂ ತರ್ಕವಿದ್ಯೆಯನ್ನೂ ಶಿಷ್ಟರಿಂದ ಕಲಿಯಬೇಕು. ಆದರೆ ಕೃಷಿ, ಪಶುಪಾಲನೆ, ವಾಣಿಜ್ಯಗಳ ವಿದ್ಯೆಯಾದ ವಾರ್ತೆಯನ್ನು ಆಯಾ ಇಲಾಖೆಗಳನ್ನು ನಡೆಸುತ್ತಿರುವ ಅಧ್ಯಕ್ಷರಿಂದಲೇ ಕಲಿಯಬೇಕು. ದಂಡನೀತಿಯನ್ನಂತೂ ಬಲ್ಲವರಿಂದ ಮಾತ್ರವಲ್ಲ, ಪ್ರಯೋಗಿಸಿದವರಿಂದಲೂ ಕಲಿಯಬೇಕು. ಮಾಡುವವನ ಮಗ್ಗುಲಲ್ಲಿ ನಿಂತು ಕಲಿಯದ ವಿದ್ಯೆಯು ಆಳಿಕೆಗೆ ಸಾಲದೆಂಬ ತಿಳಿವಳಿಕೆಯು ಇಷ್ಟು ಹಳೆಯದು.

ಆದರೆ ಅರ್ಥಶಾಸ್ತ್ರದ ಶಿಷ್ಯನು ರಾಜಪುತ್ರನೊಬ್ಬನೇ. ಕಲಿಕೆಯನ್ನು ಒಪ್ಪಿಯೂ ಕಲಿಯುವವನನ್ನು ಮಾತ್ರ ಜನ್ಮದಿಂದಲೇ ಆರಿಸುವುದು ಅಲ್ಲಿಯ ಪದ್ಧತಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮುರಿದುಬಿದ್ದುದು ಈ ಕಟ್ಟು. ದೋಣಿಯನ್ನು ನಡೆಸುವ ಚೌಡಯ್ಯ, ಬಟ್ಟೆಯನ್ನು ಮಡಿಮಾಡುವ ಮಾಚಯ್ಯ, ಹಗ್ಗವನ್ನು ಹೊಸೆಯುವ ಚಂದಯ್ಯ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯ, ಇವರೆಲ್ಲರೂ ಮಾತನಾಡುವ ಸಭೆಯೊಂದು ಕೂಡಿತೆಂದರೆ, ಆಳುವ ವಿದ್ಯೆಯ ಸ್ವರೂಪವೇ ಬದಲಾಗಲೇಬೇಕು. ಒಬ್ಬನು ಆಜ್ಞೆ ಮಾಡಿ ಉಳಿದವರು ಪಾಲಿಸುವಲ್ಲಿ ಬೇಕಾಗುವ ಕೌಶಲವು ಬೇರೆ. ಎಲ್ಲರೂ ಪ್ರಶ್ನಿಸಬಲ್ಲ ಸಭೆಯಲ್ಲಿ ಒಂದು ಕಾರ್ಯವನ್ನು ಮುಂದಕ್ಕೆ ಒಯ್ಯುವಲ್ಲಿ ಬೇಕಾಗುವ ಕೌಶಲವು ಬೇರೆ. ಎರಡನೆಯದು ಯಾರಿಗೂ ಹುಟ್ಟಿನಿಂದ ಬರಲಾರದು. ತನ್ನ ಮಾತನ್ನು ಮತ್ತೊಬ್ಬರು ತಿದ್ದುವಾಗ ಸುಮ್ಮನಿದ್ದು ಕೇಳುವುದು ಯಾವ ಶಿಶುವಿನ ಸ್ವಭಾವವೂ ಅಲ್ಲವಷ್ಟೆ!

ಬಸವಣ್ಣನವರ ಚರಿತ್ರೆಯನ್ನೇ ನೋಡೋಣ. ಅವರು ಬಿಜ್ಜಳನ ಭಂಡಾರಿಯಾಗಿಯೇ ಲೋಕಕ್ಕೆ ಇಳಿದುಬಂದವರಲ್ಲ. ಕೂಡಲಸಂಗಮದಲ್ಲಿ ಗುರುಸನ್ನಿಧಿಯಲ್ಲಿದ್ದು ಕಲಿತರು. ಮಂಗಳವಾಡದಲ್ಲಿ ಕರಣಿಕರ ನಡುವೆ ಕುಳಿತು ಲೆಕ್ಕ ಬರೆಯುವ ಕಾಯಕದಿಂದ ಆರಂಭಿಸಿದರು. ಭಂಡಾರವನ್ನು ಕಾಯುವ ಅಧಿಕಾರವು ಅನಂತರ ಬಂದಿತು. ರಾಜನ ಬೊಕ್ಕಸವನ್ನು ಜಂಗಮರಿಗಾಗಿ ವ್ಯಯಮಾಡುತ್ತಿದ್ದಾರೆಂದು ಚಾಡಿಕೋರರು ದೂರಿದಾಗ, ಎಣಿಸಿ ನೋಡಲಾಗಿ ಹೊನ್ನಿನಲ್ಲಿ ಕೊರತೆಯೇನೂ ಕಾಣಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಭಕ್ತರು ಇದನ್ನು ಪವಾಡವೆಂದು ಭಾವಿಸುವರು, ಭಾವಿಸಲಿ. ಆದರೆ ಲೆಕ್ಕವನ್ನು ಬಲ್ಲ ಕೈಗೆ ಸಿಕ್ಕ ಭಂಡಾರವು ಅದೆಂಬುದನ್ನೂ ಮರೆಯಬಾರದು. ದಾಸೋಹದ ಹೆಸರಿನಲ್ಲಿ ಲೆಕ್ಕವನ್ನು ಉಪೇಕ್ಷಿಸುವವರು ಇಂದಿಗೂ ಅಲ್ಲಲ್ಲಿ ಇದ್ದಾರೆ; ಅವರು ಭಂಡಾರಿ ಬಸವಣ್ಣನವರ ಹೆಸರನ್ನು ಮುಂದೆ ಮಾಡುವುದು ತರವಲ್ಲ.

ಇದಕ್ಕಿಂತಲೂ ಮಿಗಿಲಾದ ಸಂಗತಿ ಇನ್ನೊಂದು. ಅನುಭವಮಂಟಪಕ್ಕೆ ಆಶ್ರಯವಿತ್ತವರು ಬಸವಣ್ಣನವರು, ಅನ್ನವಿತ್ತವರು ಅವರು, ಶೂನ್ಯಸಿಂಹಾಸನವನ್ನು ಸಿದ್ಧಪಡಿಸಿದವರೂ ಅವರೇ. ಆದರೆ ಅದರ ಮೇಲೆ ಕುಳಿತವರು ಅಲ್ಲಮಪ್ರಭುದೇವರು. ತಾನು ಕಟ್ಟಿದ ಮನೆಯ ಹಿರಿಯ ಪೀಠದಲ್ಲಿ ಇನ್ನೊಬ್ಬರನ್ನು ಕೂರಿಸಿ, ತಾನು ಎದುರಿಗೆ ನಿಲ್ಲುವುದು ಸುಲಭದ ಕಾರ್ಯವೆಂದು ತಿಳಿದವರು ತಮ್ಮ ಊರಿನ ಯಾವುದೇ ಸಂಘದ ಅಧ್ಯಕ್ಷಸ್ಥಾನದ ಚುನಾವಣೆಯನ್ನೊಮ್ಮೆ ನೋಡಿಬರಬಹುದು.

ಆ ಪ್ರಭುದೇವರು ಕಲ್ಯಾಣಕ್ಕೆ ಬಂದ ದಿನದ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ನಿರೂಪಿಸುತ್ತದೆ. ಪ್ರಭುದೇವರು ಸಿದ್ಧರಾಮನೊಡನೆ ಮಹಾಮನೆಯ ಬಾಗಿಲಿಗೆ ಬಂದು ನಿಂತಿದ್ದಾರೆ. ಬಸವಣ್ಣನವರು ಒಳಗೆ ಲಿಂಗಾರ್ಚನೆಯಲ್ಲಿ ತೊಡಗಿದ್ದಾರೆ. ತಾವು ಏಳದೆ ಹಡಪದ ಅಪ್ಪಣ್ಣನನ್ನು ಕಳುಹಿಸಿ ಬರಮಾಡಿಕೊಳ್ಳಲು ಯತ್ನಿಸುತ್ತಾರೆ. ಪ್ರಭುದೇವರು ಒಳಗೆ ಬರಲೊಪ್ಪುವುದಿಲ್ಲ. ಜಂಗಮವು ಬಾಗಿಲಲ್ಲಿ ನಿಂತಿರುವಾಗ ಒಳಗೆ ನಡೆಯುತ್ತಿರುವ ಪೂಜೆಯು ಯಾರಿಗೆ ಸಲ್ಲುವುದೆಂಬ ಪ್ರಶ್ನೆಯು ಏಳುತ್ತದೆ. ಬಸವಣ್ಣನವರಿಗೆ ತಮ್ಮ ಲೋಪವು ಮನವರಿಕೆಯಾಗುತ್ತದೆ. ಸೋದರಳಿಯನಾದ ಚೆನ್ನಬಸವಣ್ಣನ ಮಾತೂ ಅದಕ್ಕೆ ನೆರವಾಗುತ್ತದೆ. ಹೊರಗೆ ಓಡಿಬಂದು ಪಾದಕ್ಕೆರಗುತ್ತಾರೆ.

ಇಲ್ಲಿ ವಿಚಾರಿಸತಕ್ಕದ್ದು ಬಸವಣ್ಣನವರ ಲೋಪವಲ್ಲ. ಅಷ್ಟು ದೊಡ್ಡವರ ಲೋಪವನ್ನು ಆಡಿ ತೋರಿಸುವುದು ಅಲ್ಲಿ ಶಕ್ಯವಾಗಿತ್ತೆಂಬುದು ಮೊದಲನೆಯ ವಿಷಯ. ವಯಸ್ಸಿನಲ್ಲಿ ಕಿರಿಯನಾದವನು ಮಾವನಿಗೆ ತಿಳಿಯಹೇಳಬಹುದಾಗಿತ್ತು, ಮಾವನು ಕೇಳುತ್ತಿದ್ದನೆಂಬುದು ಎರಡನೆಯದು. ಇನ್ನು ಮೂರನೆಯದು, ಆ ಪ್ರಸಂಗವನ್ನು ಮುಚ್ಚಿಡದೆ ಭಕ್ತರೇ ಬರೆದಿಟ್ಟರೆಂಬುದು. ತಮ್ಮ ಪರಮಪೂಜ್ಯರು ತಿದ್ದಿಸಿಕೊಂಡುದನ್ನು ಗ್ರಂಥಸ್ಥ ಮಾಡಿ ಮುಂದಿನವರಿಗೆ ಕೊಟ್ಟ ಪರಂಪರೆಯು, ತಿದ್ದಿಸಿಕೊಳ್ಳುವುದನ್ನೇ ಒಂದು ವಿದ್ಯೆಯೆಂದು ಎಣಿಸಿತ್ತೆನ್ನಬೇಕು. ಹುಟ್ಟಿನಿಂದಲೇ ಪೂರ್ಣನಾದವನಿಗೆ ಈ ಕಥೆಯ ಅಗತ್ಯವೇ ಇರುತ್ತಿರಲಿಲ್ಲ.

ಆದರೆ ಮುಂದಾಳುತನವನ್ನು ಎರಡನೆಯ ಸಲ ಕಲಿತವರ ಕಥೆಯು ಇದಕ್ಕಿಂತಲೂ ಬೋಧಪ್ರದವಾದುದು. ಆ ಕಥೆ ಸೊನ್ನಲಿಗೆಯ ಸಿದ್ಧರಾಮನದು. ಇಂದಿನ ಸೊಲ್ಲಾಪುರವೇ ಆ ಸೊನ್ನಲಿಗೆ. ಶ್ರೀಶೈಲದ ಮಲ್ಲಿಕಾರ್ಜುನನ ಭಕ್ತನಾದ ಸಿದ್ಧರಾಮನು ಅಲ್ಲಿ ಕೆರೆಯನ್ನು ತೋಡಿಸಿದನು, ದೇವಾಲಯಗಳನ್ನು ಕಟ್ಟಿಸಿದನು. ಅವನೊಡನೆ ಮಣ್ಣು ಹೊರುವ ಜನರ ದೊಡ್ಡ ಸಮೂಹವೇ ಇತ್ತು. ರಾಘವಾಂಕನು ಅವನ ಚರಿತ್ರೆಯನ್ನು ಕಾವ್ಯವಾಗಿಸಿದನು. ಲೋಕದ ಅಳತೆಯಿಂದ ನೋಡಿದರೆ ಇಂಥವನಿಗೆ ಇನ್ನು ಮುಂದಾಳುತನವನ್ನು ಕಲಿಸುವುದೇನಿದೆ? ಸಾವಿರ ಕೈಗಳನ್ನು ಒಂದು ಕಾರ್ಯಕ್ಕೆ ಹಚ್ಚಿದವನು. ಆ ಕಾರ್ಯವೂ ಸ್ವಾರ್ಥದ್ದಲ್ಲ, ಬಾಯಾರಿದವರಿಗೆ ನೀರನ್ನು ಕೊಡುವಂಥದು.

ಶೂನ್ಯಸಂಪಾದನೆಯ ಪ್ರಕಾರ ಪ್ರಭುದೇವರು ಅಲ್ಲಿಗೆ ಬಂದು, ಕೆರೆಯ ಕೆಲಸದವರ ಎದುರಿಗೇ ಸಿದ್ಧರಾಮನನ್ನು ಹಗುರವಾಗಿ ನುಡಿದರು. ಕೇಳಿದ ಜನರು ಕೆರಳಿ ಕಲ್ಲುಗಳನ್ನು ತೂರಿದರು. ಸುದ್ದಿಯನ್ನು ಕೇಳಿ ಸಿದ್ಧರಾಮನೂ ಕೋಪಗೊಂಡೇ ಬಂದನು. ಈ ಒಂದು ಗಳಿಗೆಯಲ್ಲಿ ಅವನು ಕಟ್ಟಿದ ಸಂಸ್ಥೆಯ ಒಳಗು ಬಯಲಾಯಿತು. ಆ ಜನರು ಕೆರೆಯನ್ನು ಕಟ್ಟಲು ಕಲಿತಿದ್ದರು. ತಮ್ಮ ಒಡೆಯನನ್ನು ಪ್ರಶ್ನಿಸುವವನೊಬ್ಬನು ಬಂದಾಗ ಏನು ಮಾಡಬೇಕೆಂಬುದನ್ನು ಕಲಿತಿರಲಿಲ್ಲ. ಅನುಯಾಯಿಗಳ ಕೈಯಲ್ಲಿ ಕಲ್ಲು ಬಂದಿತೆಂದರೆ ಅದರ ಪಾಲು ಮುಂದಾಳಿಗೂ ಸಲ್ಲುತ್ತದೆ. ‘ನಾನು ಹೇಳಿರಲಿಲ್ಲ, ಅವರೇ ಮಾಡಿದರು’ ಎಂಬ ಸಮಾಧಾನವನ್ನು ಸಿದ್ಧರಾಮನು ಹುಡುಕಿಕೊಳ್ಳಲಿಲ್ಲವೆಂಬುದೇ ಅವನ ದೊಡ್ಡತನ. ಪ್ರಭುದೇವರೊಡನೆ ನಡೆದ ಸಂವಾದದ ಕೊನೆಗೆ ಅವನ ದೃಷ್ಟಿ ತಿರುಗಿತು. ಕೆರೆದೇಗುಲಗಳ ಪುಣ್ಯವನ್ನು ನಂಬಿದ್ದವನು ಕಲ್ಯಾಣಕ್ಕೆ ನಡೆದುಬಂದನು. ಅಲ್ಲಿ ಸಾವಿರಾರು ಜನರ ಒಡೆಯನಾಗಿದ್ದವನು ಹೊಸಬನಂತೆ ಕೆಳಗೆ ಕುಳಿತು ಕೇಳಿದನು. ಚೆನ್ನಬಸವಣ್ಣನಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದನು. ಮುಂದೆ ಶೂನ್ಯಪೀಠದ ಪರಂಪರೆಯಲ್ಲಿ ಪ್ರಭುದೇವರು, ಚೆನ್ನಬಸವಣ್ಣನವರ ತರುವಾಯ ಮೂರನೆಯವನಾಗಿ ಅವನನ್ನೇ ಎಣಿಸುತ್ತಾರೆ. ಸೊನ್ನಲಿಗೆಯ ಸಾಮರ್ಥ್ಯದ ಬಲದಿಂದ ಅವನಿಗೆ ಆ ಪೀಠವು ದೊರೆಯಲಿಲ್ಲ; ಆ ಸಾಮರ್ಥ್ಯವನ್ನು ಬದಿಗಿಟ್ಟು ಮೊದಲಿಂದ ಕಲಿಯಲು ಒಪ್ಪಿದುದರಿಂದ ದೊರೆಯಿತು.

ಇಲ್ಲಿ ಒಂದು ಪೂರ್ವಪಕ್ಷವು ತಲೆದೋರುವುದು. ಶರಣಧರ್ಮದ ಸಾರವು ಕಿಂಕರಭಾವ. ಎಲ್ಲರಿಗಿಂತಲೂ ತಾನು ಕಿರಿಯನೆಂದು ತಿಳಿಯಬೇಕಾದ ಭಕ್ತನು ಮುಂದಾಳಾಗುವುದನ್ನು ಕಲಿಯಹೊರಟರೆ, ಅದು ಅಹಂಕಾರಕ್ಕೆ ಪಾಠ ಹೇಳಿಕೊಂಡಂತಾಗದೆ? ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಸಜ್ಜನರಾದ ಎಷ್ಟೋ ಮಂದಿ ಈ ಕಾರಣದಿಂದಲೇ ಊರಿನ ಕಾರ್ಯದಿಂದ ಹಿಂದೆ ಸರಿಯುತ್ತಾರೆ. ‘ನಮಗೇಕೆ, ನಮ್ಮ ಪೂಜೆ ನಮಗಿರಲಿ’ ಎನ್ನುತ್ತಾರೆ. ಆದರೆ ಅವರು ಸರಿದ ಜಾಗವು ಬರಿದಾಗಿರುವುದಿಲ್ಲ. ಸಂಕೋಚವಿಲ್ಲದವನೊಬ್ಬನು ಬಂದು ಅಲ್ಲಿ ಕೂರುತ್ತಾನೆ. ಪೂಜೆಯಲ್ಲಿ ತೊಡಗಿ ಬಾಗಿಲಲ್ಲಿ ನಿಂತವರನ್ನು ಕಾಯಿಸಬಾರದೆಂಬುದೇ ಮಹಾಮನೆಯ ಪ್ರಸಂಗದ ತಿರುಳಾಗಿರುವಾಗ, ಪೂಜೆಯನ್ನು ಮುಂದೆಮಾಡಿ ಊರಿನ ಹೊಣೆಯಿಂದ ತಪ್ಪಿಸಿಕೊಳ್ಳುವುದು ಕಿಂಕರಭಾವವೆನಿಸಲಾರದು. ಕಿಂಕರನೆಂದರೆ ‘ಏನು ಮಾಡಲಿ?’ ಎಂದು ಕೇಳುವವನು. ಕೆಲಸದ ಎದುರಿನಲ್ಲಿ ಕೈಕಟ್ಟಿ ನಿಲ್ಲುವವನಿಗೆ ಆ ಹೆಸರು ಸಲ್ಲದು.

ಇನ್ನು ಕೆಲವರು, ಗುರುಕರುಣೆಯಿದ್ದರೆ ಎಲ್ಲವೂ ತಾನಾಗಿ ಬರುವುದು, ಅಭ್ಯಾಸವೇಕೆ ಎಂದು ಕೇಳುವರು. ಗುರುಕರುಣೆಯು ಬಹುತರವಾಗಿ ಅಭ್ಯಾಸದ ರೂಪದಲ್ಲಿಯೇ ಬರುವುದೆಂಬುದಕ್ಕೆ ಹಾನಗಲ್ಲ ಕುಮಾರಸ್ವಾಮಿಗಳ ಚರಿತ್ರೆಯು ನಿದರ್ಶನವಾಗಿದೆ. 1867ರಲ್ಲಿ ಜನಿಸಿ 1930ರಲ್ಲಿ ಲಿಂಗೈಕ್ಯರಾದ ಈ ಮಹನೀಯರು ಕಣ್ತೆರೆದು ನೋಡಿದ ಕಾಲದಲ್ಲಿ ನಾಡಿನಲ್ಲಿ ಮಠಗಳಿಗೆ ಕೊರತೆಯಿರಲಿಲ್ಲ. ಪೀಠಗಳಿದ್ದವು, ಪಲ್ಲಕ್ಕಿಗಳಿದ್ದವು, ಭೂಮಿಯಿತ್ತು. ಆದರೆ ಪೀಠಕ್ಕೆ ಬರುವ ಮರಿಗೆ ಶಾಸ್ತ್ರವನ್ನೂ ಆಚಾರವನ್ನೂ ಕಲಿಸುವ ಏರ್ಪಾಡು ಎಲ್ಲೆಡೆಯೂ ಇರಲಿಲ್ಲ. ಪೀಠದ ಮೇಲೆ ಕೂರಿಸಿದರೆ ಗುರುವಾದನೆಂಬ ಭಾವನೆಯು ಬೇರೂರಿತ್ತು. ಸ್ವಾಮಿಗಳು 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು ಕೂಡಿಸಿದರು. ಶಿರಸಂಗಿಯ ಲಿಂಗರಾಜರು ಅದರ ಅಧ್ಯಕ್ಷರಾದರು. ಸಭೆಯಿಂದ ಜಾಗೃತಿಯುಂಟಾಯಿತು ನಿಜ. ಆದರೆ ಗುರುಗಳೇ ಸಿದ್ಧರಾಗದಿದ್ದರೆ ಸಮಾಜವು ಸಿದ್ಧವಾಗುವ ಬಗೆಯೆಂತು? ಐದು ವರ್ಷಗಳ ಮೇಲೆ, 1909ರಲ್ಲಿ, ಬಾದಾಮಿಯ ಸಮೀಪದಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವು ಸ್ಥಾಪಿತವಾಯಿತು. ಮೈಸೂರಿನಲ್ಲಿ ಅರ್ಥಶಾಸ್ತ್ರವು ಅಚ್ಚಾದ ವರ್ಷವೂ ಅದೇ ಎಂಬುದು ಕೇವಲ ಕಾಕತಾಳೀಯವಾದರೂ ನೆನೆಯಲು ಸೊಗಸಾಗಿದೆ.

ಶಿವಯೋಗಮಂದಿರದ ಉದ್ದೇಶವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಮುಂದೆ ಮಠಗಳನ್ನು ನಡೆಸತಕ್ಕ ವಟುಗಳನ್ನು ಮೊದಲು ಶಿಷ್ಯರನ್ನಾಗಿ ಮಾಡುವುದು. ಅಲ್ಲಿ ಸಂಸ್ಕೃತವಿತ್ತು, ಕನ್ನಡವಿತ್ತು, ಯೋಗವಿತ್ತು, ಸಂಗೀತವಿತ್ತು. ಅಷ್ಟೇ ಅಲ್ಲ, ಗೋಶಾಲೆಯಿತ್ತು. ಗೋಮಯದಿಂದ ಶುದ್ಧ ವಿಭೂತಿಯನ್ನು ತಯಾರಿಸುವ ಕಾಯಕವಿತ್ತು. ಆ ವಿಭೂತಿಯು ಇಂದಿಗೂ ಮನೆಮನೆಗಳಲ್ಲಿ ಹೆಸರುವಾಸಿಯಾಗಿದೆ. ಗೋವುಗಳ ಸೇವೆ ನಡೆಯುವ, ವಿಭೂತಿಯ ಉಂಡೆಗಳು ಸಿದ್ಧವಾಗುವ ಅಂಗಳದಲ್ಲಿಯೇ ಬೆಳೆದ ಹುಡುಗನು ನಾಳೆ ಮಠದ ಹೊಣೆಯನ್ನು ಹೊತ್ತಾಗ ದನ ಕಾಯುವವನ ಕಷ್ಟವನ್ನು ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾಗಿಲ್ಲ. ಇದಕ್ಕೆ ಬೇಕಾದ ಧನಧಾನ್ಯಗಳಿಗಾಗಿ ಕುಮಾರಸ್ವಾಮಿಗಳು ಊರೂರು ತಿರುಗಿ ಭಿಕ್ಷೆಯೆತ್ತಿದರು. ಬೇಡುವುದನ್ನು ಕಲಿಯದೆ ನೀಡುವ ಅಧಿಕಾರವನ್ನು ಪಡೆದವರಿಗೆ ಅವರ ಜೋಳಿಗೆಯು ಒಂದು ಪಾಠವಾಗಿತ್ತು.

ಅದೇ ಸ್ವಾಮಿಗಳ ಕೃಪಾಶ್ರಯದಲ್ಲಿ ಬೆಳೆದವರು ಅಂಧರಾದ ಪಂಚಾಕ್ಷರ ಗವಾಯಿಗಳು. ಕಣ್ಣಿಲ್ಲದ ಬಡ ಬಾಲಕನನ್ನು ಕಂಡು ಇವನು ಮುಂದೆ ನೂರಾರು ಜನರಿಗೆ ದಾರಿ ತೋರುವನೆಂದು ಯಾವ ಜ್ಯೋತಿಷಿಯೂ ಹೇಳುತ್ತಿರಲಿಲ್ಲ. ಕುಮಾರಸ್ವಾಮಿಗಳು ಅವರಿಗೆ ಸಂಗೀತವನ್ನು ಕಲಿಸುವ ವ್ಯವಸ್ಥೆ ಮಾಡಿದರು. ಗವಾಯಿಗಳು ತಾವು ಕಲಿತು, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರಿಂದೂರಿಗೆ ನಡೆದು ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಅನಾಥವಾಗಲಿಲ್ಲ. ಅವರ ಕೈಯಲ್ಲಿಯೇ ಸಿದ್ಧರಾದ, ಅವರಂತೆಯೇ ಅಂಧರಾದ ಪುಟ್ಟರಾಜ ಗವಾಯಿಗಳು 2010ರ ವರೆಗೂ ಅದನ್ನು ನಡೆಸಿದರು. ಗುರುಕರುಣೆಯೆಂದರೆ ಇದೇ ಅಲ್ಲವೆ? ಅದು ಆಕಾಶದಿಂದ ಒಮ್ಮೆಗೇ ಬೀಳಲಿಲ್ಲ. ದಿನದಿನವೂ ಶ್ರುತಿ ಹಿಡಿದು, ತಾಳ ತಪ್ಪಿದಲ್ಲಿ ತಡೆದು, ಮತ್ತೆ ಹಾಡಿಸಿದ ಕರುಣೆ ಅದು.

ಮಠಗಳ ಮಾತಾಯಿತು; ಗೃಹಸ್ಥನು ಇದನ್ನೆಲ್ಲಿ ಕಲಿಯಬೇಕು? ಅವನಿಗೆ ಶಿವಯೋಗಮಂದಿರವಿಲ್ಲವೆಂದು ಮರುಗಬೇಕಾಗಿಲ್ಲ. ಮಾರಯ್ಯನಿಗೆ ಈ ಪಾಠವು ದೊರೆತುದು ಮನೆಯ ಹೊಸ್ತಿಲಲ್ಲಿಯೇ. ಒಂದು ದಿನ ವಾಡಿಕೆಗಿಂತ ಹೆಚ್ಚಿನ ಅಕ್ಕಿಯನ್ನು ಅವನು ತಂದಾಗ ಪತ್ನಿ ಲಕ್ಕಮ್ಮನು ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಾದುದನ್ನು ತಂದ ಸ್ಥಳದಲ್ಲಿಯೇ ಚೆಲ್ಲಿ ಬರುವಂತೆ ಹಿಂದಕ್ಕೆ ಕಳುಹಿಸಿದಳು. ಮಾರಯ್ಯನು ವಾದಿಸದೆ ಹೋದನು. ಆ ಮನೆಯ ಮುಂದಾಳು ಯಾರೆಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ. ತಪ್ಪನ್ನು ಕಂಡವಳು ಆ ಗಳಿಗೆಗೆ ಮುಂದಾಳಾದಳು, ತಿದ್ದಿಕೊಂಡವನು ಆ ಗಳಿಗೆಗೆ ಹಿಂಬಾಲಿಸಿದನು. ಇಂದಿನ ಎಷ್ಟು ಮನೆಗಳಲ್ಲಿ ಗೃಹಿಣಿಯ ಮಾತಿಗೆ ಚೀಲವು ಹಿಂದಕ್ಕೆ ಹೋಗುತ್ತದೆ? ಎಷ್ಟು ಸಂಸ್ಥೆಗಳ ಸಭೆಯಲ್ಲಿ ಹೆಣ್ಣುಮಕ್ಕಳನ್ನು ಆರತಿಗೆ ಕರೆದಂತೆ ಆಯವ್ಯಯದ ವಿಚಾರಕ್ಕೂ ಕರೆಯುತ್ತಾರೆ? ಅಕ್ಕಮಹಾದೇವಿಯನ್ನು ಪ್ರಶ್ನಿಸಿ ಪರೀಕ್ಷಿಸಿದ ಮೇಲೆ ಆಕೆಯ ಉತ್ತರಕ್ಕೆ ತಲೆಬಾಗಿದ ಸಭೆಯನ್ನು ನಿತ್ಯವೂ ಸ್ಮರಿಸುವ ಸದ್ಭಕ್ತರು ಇದನ್ನು ವಿಚಾರಿಸಬೇಕು.

ಜಾತ್ರೆಯ ತೇರಿನಲ್ಲಿಯೂ ಇದೇ ವಿದ್ಯೆಯನ್ನು ಕಾಣಬಹುದು. ಹಗ್ಗವನ್ನು ಹಿಡಿದು ಎಳೆಯುವವರು ನೂರಾರು ಜನ. ಅವರ ಬಲದಿಂದಲೇ ತೇರು ಸಾಗುತ್ತದೆ. ಆದರೆ ಅದರ ದಿಕ್ಕನ್ನು ಹಿಡಿದಿರುವವನು ಹಗ್ಗದ ತುದಿಯಲ್ಲಿಲ್ಲ. ಗಾಲಿಯ ಪಕ್ಕದಲ್ಲಿ ಬಾಗಿ ನಡೆಯುತ್ತ, ಸಮಯ ನೋಡಿ ಮರದ ತುಂಡನ್ನು ಗಾಲಿಗೆ ಕೊಟ್ಟು, ತೇರು ಓರೆಯಾಗದಂತೆ ನಿಲ್ಲಿಸುವವನು ಅವನು. ದೂರದಿಂದ ನೋಡುವವರಿಗೆ ಅವನು ಕಾಣುವುದೇ ಇಲ್ಲ. ಒಂದು ಕ್ಷಣ ತಡವಾದರೆ ತೇರು ಮನೆಯ ಜಗಲಿಗೆ ತಾಗುತ್ತದೆ; ಒಂದು ಕ್ಷಣ ಬೇಗನಾದರೆ ಅವನ ಕೈಯೇ ಹೋಗುತ್ತದೆ. ಈ ಕೆಲಸಕ್ಕೆ ಯಾರೂ ಹುಟ್ಟಿಬರುವುದಿಲ್ಲ. ಬಲ್ಲವನ ಹಿಂದೆ ಮರದ ತುಂಡನ್ನು ಹೊತ್ತುಕೊಂಡು ಹಲವು ಜಾತ್ರೆಗಳಲ್ಲಿ ನಡೆದವನಿಗೆ ಮಾತ್ರ ಒಂದು ವರ್ಷ ಅದನ್ನು ಕೊಡುವ ಸರದಿ ಬರುತ್ತದೆ. ಆಗಲೂ ಹಳಬನು ಪಕ್ಕದಲ್ಲಿಯೇ ಇರುತ್ತಾನೆ.

ಕಲಿಕೆಯಿಂದ ಬರುವ ಕೌಶಲವು ತಾನಾಗಿಯೇ ಧರ್ಮವಾಗದೆಂಬುದನ್ನೂ ಇಲ್ಲಿ ಹೇಳಲೇಬೇಕು. ಮಾತಿನಿಂದ ಸಭೆಯನ್ನು ಗೆಲ್ಲುವುದನ್ನು, ಜನರನ್ನು ಗುಂಪುಗೂಡಿಸುವುದನ್ನು ಕಲಿಸುವವರು ಈಗ ಬಹಳವಾಗಿದ್ದಾರೆ; ಅದಕ್ಕಾಗಿ ಶಿಬಿರಗಳೂ ನಡೆಯುತ್ತವೆ. ಅದರಲ್ಲಿ ಪ್ರಯೋಜನವಿಲ್ಲವೆಂದಲ್ಲ. ಆದರೆ ಎರಡು ದಿನಗಳಲ್ಲಿ ಕಲಿಸಬಹುದಾದುದು ಹಗ್ಗ ಎಳೆಸುವ ವಿದ್ಯೆಯಷ್ಟೆ. ಕಳ್ಳರ ಗುಂಪಿಗೂ ಒಬ್ಬ ಚತುರನಾದ ಮುಂದಾಳು ಇರುತ್ತಾನೆ. ಆಚಾರವಿಲ್ಲದ ಸಾಮರ್ಥ್ಯವನ್ನು ಶರಣರು ಸಾಮರ್ಥ್ಯವೆಂದೇ ಎಣಿಸಲಿಲ್ಲ. ಕಾಯಕಶುದ್ಧಿಯಿಲ್ಲದವನು ಎಷ್ಟೇ ಸೊಗಸಾಗಿ ನುಡಿದರೂ ಅವನ ನುಡಿಗೆ ಅವರು ಬೆಲೆ ಕಟ್ಟಲಿಲ್ಲ.

ಹೀಗೆ ವಿಚಾರಿಸಿದಾಗ ಈ ಪ್ರಶ್ನೆಯ ಹೊಣೆಯು ಕಿರಿಯರಿಗಿಂತ ಹೆಚ್ಚಾಗಿ ಹಿರಿಯರ ಮೇಲೆ ಬೀಳುತ್ತದೆ. ಕಲಿಯದ ತರುಣನನ್ನು ನಿಂದಿಸುವುದು ಸುಲಭ. ಕಲಿಸದ ಹಿರಿಯನನ್ನು ಯಾರೂ ನಿಂದಿಸುವುದಿಲ್ಲ. ‘ನಾನಿಲ್ಲದಿದ್ದರೆ ಏನೂ ನಡೆಯದು’ ಎಂಬುದನ್ನು ಹಿರಿಯನೊಬ್ಬನು ಹೆಮ್ಮೆಯಿಂದ ಹೇಳುವುದನ್ನು ಕೇಳುತ್ತೇವೆ. ಮೂವತ್ತು ವರ್ಷ ಒಂದು ಸಂಸ್ಥೆಯನ್ನು ನಡೆಸಿದವನು ಹಾಗೆ ಹೇಳಿದರೆ, ಆ ಮೂವತ್ತು ವರ್ಷಗಳಲ್ಲಿ ಅವನು ಒಬ್ಬನನ್ನೂ ಬೆಳೆಸಲಿಲ್ಲವೆಂದು ಒಪ್ಪಿಕೊಂಡಂತಾಯಿತು. ಬೀಗದ ಕೈಯನ್ನು ಇನ್ನೊಬ್ಬನಿಗೆ ಕೊಟ್ಟರೆ ಅವನು ಮೊದಲ ವರ್ಷ ತಪ್ಪು ಮಾಡುವನು, ನಿಜ. ಸ್ವಲ್ಪ ಧಾನ್ಯವು ಹಾಳಾಗಬಹುದು, ಪಂಕ್ತಿಯಲ್ಲಿ ಯಾರಿಗೋ ಸಾರು ಮುಟ್ಟದೆ ಹೋಗಬಹುದು. ಹಿರಿಯನು ಕಣ್ಣೆದುರಿಗಿರುವಾಗಲೇ ಆ ತಪ್ಪುಗಳಾಗುವುದು ಕ್ಷೇಮವೋ, ಅವನು ಹೋದ ಮೇಲೆ ಆಗುವುದು ಕ್ಷೇಮವೋ ಎಂಬುದನ್ನು ಅವನೇ ನಿರ್ಣಯಿಸಲಿ.

ಸಿದ್ಧಗಂಗೆಯ ಉದ್ದಾನ ಶಿವಯೋಗಿಗಳು ಇದನ್ನು ನಿರ್ಣಯಿಸಿದ ರೀತಿಯು ಲೋಕವಿದಿತವಾಗಿದೆ. 1930ರಲ್ಲಿ ಉತ್ತರಾಧಿಕಾರಿಯಾಗಿದ್ದ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾದಾಗ, ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ವೀರಾಪುರದ ಶಿವಣ್ಣನೆಂಬ ತರುಣನನ್ನು ಆರಿಸಿಕೊಂಡರು. ಸನ್ಯಾಸದೀಕ್ಷೆಯನ್ನು ಪಡೆದು ಶಿವಕುಮಾರಸ್ವಾಮಿಗಳೆನಿಸಿದ ಆ ತರುಣನಿಗೆ ಮಠದ ಪೂರ್ಣ ಹೊಣೆಯು ಬಂದುದು 1941ರಲ್ಲಿ, ಗುರುಗಳು ಲಿಂಗೈಕ್ಯರಾದ ಮೇಲೆ. ನಡುವಣ ಹನ್ನೊಂದು ವರ್ಷಗಳು ಪೀಠವಿಲ್ಲದ ಸೇವೆಯ ವರ್ಷಗಳು. ಗುರುಗಳ ನೆರಳಿನಲ್ಲಿ ನಿಂತು ಹೊಲಗದ್ದೆಗಳನ್ನೂ ಅಡಿಗೆಮನೆಯನ್ನೂ ವಿದ್ಯಾರ್ಥಿಗಳನ್ನೂ ನೋಡಿಕೊಂಡ ವರ್ಷಗಳು. ಅನಂತರ 2019ರ ವರೆಗೆ, ನೂರಹನ್ನೊಂದು ವರ್ಷಗಳ ತುಂಬು ಬಾಳಿನ ಕೊನೆಯ ತನಕ, ಸಾವಿರಾರು ಮಕ್ಕಳು ಅಲ್ಲಿ ಜಾತಿಮತಗಳ ಭೇದವಿಲ್ಲದೆ ಉಂಡು ಓದಿದರು. ಆ ಅಡಿಗೆಮನೆಯ ಒಲೆಯು ಈಗಲೂ ಉರಿಯುತ್ತಿದೆ. ಹೊತ್ತಿಗೆ ಸರಿಯಾಗಿ ಸಾಲು ಕೂರಿಸಿ ಬಡಿಸುವವರು ಈಗಲೂ ಇದ್ದಾರೆ.